ಶಿಕ್ಷೆಗಿಂತ ಮೊದಲು ಚಿಕಿತ್ಸೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದಲ್ಲಿ ನೆನಪುಗಳನ್ನು ಹಂಚಿಕೊಳ್ಳಿ ಎಂದು ಸಮಿತಿಯವರು ಹೇಳಿದ್ದರು. ನೆನಪುಗಳು ಬೇಕಾದಷ್ಟಿವೆ. ಆದರೆ ಮೂವತ್ತು ವರ್ಷ ವಕೀಲಿ ಮಾಡಿದ ನಾನು ನನ್ನದೇ ಒಂದು ತಪ್ಪನ್ನು ಹೇಳಿಕೊಂಡರೆ ನಿಮಗೆ ಹೆಚ್ಚು ಉಪಯೋಗವಾದೀತು.

ಕೆಲವು ವರ್ಷಗಳ ಹಿಂದೆ ರೈತರೊಬ್ಬರು ಮಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದರು. ಕಾಲೇಜು ಹುಡುಗ, ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ. "ಸಾರ್, ಮಗಳ ಮದುವೆ ಗೊತ್ತಾಗಿದೆ. ಸುದ್ದಿ ಹಬ್ಬುವುದರೊಳಗೆ ಮುಗಿಸಿಕೊಡಿ" ಎಂದು ಕೈಮುಗಿದರು. ಇಂಥ ಕೇಸಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಪ್ಪೊಪ್ಪಿಕೋ ಎಂದೆ. ಒಪ್ಪಿಕೊಂಡ. ದಂಡ ಕಟ್ಟಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. "ಅದಿಲ್ಲದೆ ನಿನಗೆ ನಿದ್ದೆ ಬರುತ್ತದೇನಪ್ಪಾ?" ಎಂದು ಅವರಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷ ಕಳೆದು ಅದೇ ಹುಡುಗ ಮತ್ತೆ ಬಂದ. ಈ ಸಲ ಬ್ರೌನ್ ಶುಗರ್. ಅವನ ಜೇಬಿನಲ್ಲಿ ಸಿಕ್ಕಿದ್ದು ಎರಡು ಗ್ರಾಂಗೂ ಕಡಿಮೆ. ಮೈಕೈ ನೋವು, ಮೂಗು ಸೋರುತ್ತಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಅಂದು ರಾತ್ರಿ ಕಾಯ್ದೆಯ ಪುಸ್ತಕ ತೆಗೆದು ಕೂತೆ.

1985ರ ಮಾದಕ ದ್ರವ್ಯಗಳ ಕಾಯ್ದೆ ಬಹಳ ಕಠಿಣವಾದದ್ದು. ಆದರೆ ಅದರ 39ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆ ಮಾಡಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ವ್ಯಸನಿಯನ್ನು ನ್ಯಾಯಾಲಯವು ಕೂಡಲೇ ಜೈಲಿಗೆ ಕಳಿಸದೆ, ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಗೆ ಕಳಿಸಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. 64ಎ ಕಲಂ ಇನ್ನೂ ಮುಂದೆ ಹೋಗುತ್ತದೆ: ಇಂಥ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದಲೇ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಅಲ್ಪ ಪ್ರಮಾಣವೆಂದರೆ ಹೆರಾಯಿನ್ 5 ಗ್ರಾಂ, ಗಾಂಜಾ 1 ಕಿಲೋವರೆಗೆ.

ನ್ಯಾಯಾಧೀಶರು ನನ್ನ ಮನವಿಗೆ ಒಪ್ಪಿದರು. ಹುಡುಗ ಆಸ್ಪತ್ರೆ ಸೇರಿದ. ನಡುವೆ ಒಮ್ಮೆ ಜಾರಿದ. ತಂದೆಯೇ ಮತ್ತೆ ಕರೆದೊಯ್ದರು. ಇದು ಸಕ್ಕರೆ ಕಾಯಿಲೆಯ ಹಾಗೆ, ಒಂದೇ ದಿನದಲ್ಲಿ ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿದ್ದರು. ಈಗ ಅವನು ತೋಟ ನೋಡಿಕೊಂಡಿದ್ದಾನೆ. ಕೇಸು ಮುಗಿದ ದಿನ ಅವರಪ್ಪ ಕೇಳಿದರು: "ಸಾರ್, ಇದನ್ನು ಮೊದಲನೇ ಸಲವೇ ಹೇಳಬಾರದಿತ್ತೇ?" ನನ್ನ ಹತ್ತಿರ ಉತ್ತರವಿರಲಿಲ್ಲ.

ಹಾಗಾದರೆ ಎಲ್ಲರನ್ನೂ ಬಿಟ್ಟುಬಿಡಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. 20 ಕಿಲೋಗಿಂತ ಹೆಚ್ಚು ಗಾಂಜಾ ಸಾಗಿಸುವವನಿಗೆ ಕನಿಷ್ಠ 10 ವರ್ಷ ಶಿಕ್ಷೆಯಿದೆ. ಮಕ್ಕಳ ಕೈಗೆ ಇದನ್ನು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯಂತೆ 7 ವರ್ಷದವರೆಗೆ ಜೈಲಿದೆ. ಅಂಥವರಿಗೆ ಆಗಲಿ. ಆದರೆ ಮಾರುವವನೂ ಅದಕ್ಕೆ ಬಲಿಯಾದವನೂ ಒಂದೇ ಅಲ್ಲ.

ನಮ್ಮ ಗಣಿತದ ಮೇಷ್ಟ್ರು, ಹುಡುಗ ಮೂರು ದಿನ ಶಾಲೆಗೆ ಬರದಿದ್ದರೆ ಸಂಜೆ ಅವನ ಮನೆಗೇ ಹೋಗುತ್ತಿದ್ದರು. ಬೆತ್ತ ಶಾಲೆಯಲ್ಲೇ ಇರುತ್ತಿತ್ತು. ಕಾರಣ ತಿಳಿಯದೆ ಅವರು ಹೊಡೆದದ್ದನ್ನು ನಾನು ನೋಡಿಲ್ಲ. ನಾನು ಕೋರ್ಟಿನಲ್ಲಿ ಮರೆತದ್ದು ಅವರು ಇಲ್ಲೇ ಕಲಿಸಿದ ಪಾಠವನ್ನು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮಗ ದಾರಿ ತಪ್ಪಿದ್ದಾನೆಂದು ಅನಿಸಿದರೆ ಮರ್ಯಾದೆಗೆ ಹೆದರಿ ಮುಚ್ಚಿಡಬೇಡಿ. ಕೇಸಾಗುವ ತನಕ ಕಾಯದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. 14446ಕ್ಕೆ ಫೋನ್ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ. ಕೇಸೇ ಆಗಿದ್ದರೆ, ದಂಡ ಕಟ್ಟುವ ಮೊದಲು ನಿಮ್ಮ ವಕೀಲರನ್ನು ಕೇಳಿ: 39ನೇ ಕಲಂ ಏನು ಹೇಳುತ್ತದೆ ಸ್ವಾಮಿ?

ನಾನು ಎರಡು ವರ್ಷ ತಡಮಾಡಿದೆ. ನೀವು ತಡಮಾಡಬೇಡಿ.