ಮಲಗುವ ಮುನ್ನ ಒಂದು ಚೂರು ಸಿಹಿ



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ನಾನು ಮಾತಾಡಬೇಕೆಂದಿರುವುದು ರಾತ್ರಿ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಸಿಹಿಯ ಬಗ್ಗೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ. ಅಪ್ಪನಿಗೆ ಹನ್ನೆರಡು ವರ್ಷದಿಂದ ಇದೆ, ನನಗೆ 34ನೇ ವಯಸ್ಸಿನಲ್ಲಿ ಬಂತು. ಇದು ನಮ್ಮೊಂದು ಮನೆಯ ಕಥೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ನಮ್ಮಪ್ಪ ಮುದ್ದೆ ಉಂಡು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದ ಜೊತೆ ಒಂದು ಉಂಡೆ ಬೆಲ್ಲ ತಿಂದು ಮಲಗುತ್ತಿದ್ದವರು. ಕಾಯಿಲೆ ಬಂದ ದಿನದಿಂದ ಮನೆಯವರು, ನೆಂಟರು, ಅಕ್ಕಪಕ್ಕದವರು ಎಲ್ಲರೂ ಸೇರಿ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. ಸ್ವಲ್ಪ ದಿನದಲ್ಲೇ ಅಮ್ಮನಿಗೆ ಅವರ ಅಂಗಿ ಜೇಬಿನಲ್ಲಿ ಬೆಲ್ಲದ ಪುಡಿ ಸಿಕ್ಕಿತು. ಹೊಲದಲ್ಲಿ ದುಡಿದು ಮಕ್ಕಳನ್ನು ಓದಿಸಿದ ಮನುಷ್ಯ ತನ್ನ ಮನೆಯಲ್ಲೇ ಬೆಲ್ಲ ಕದ್ದು ತಿನ್ನಬೇಕಾಯಿತು. ಕದ್ದು ತಿನ್ನುವವರು ಅಳತೆ ನೋಡುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿದೆ ಎಂದು ನನಗೆ ಗೊತ್ತು.

ರಾತ್ರಿ ಹೊತ್ತು ದೇಹದಲ್ಲಿ ಏನಾಗುತ್ತದೆ? ಇದೇ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ ಪಿತ್ತಜನಕಾಂಗವನ್ನು ನಮ್ಮ ಮಾರಿಕಣಿವೆ ಎಂದುಕೊಳ್ಳಿ. ಉಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಅದು ಕೂಡಿಟ್ಟುಕೊಂಡು, ನಾವು ಮಲಗಿದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ತೂಬು ನೋಡಿಕೊಳ್ಳುವ ನೀರುಗಂಟಿಯೇ ಇನ್ಸುಲಿನ್. ಮಧುಮೇಹದಲ್ಲಿ ನೀರುಗಂಟಿ ಸೋತಿರುತ್ತಾನೆ. ಬೆಳಗಿನ ಜಾವ ದೇಹದ ಕೆಲವು ಹಾರ್ಮೋನುಗಳು ತೂಬನ್ನು ಇನ್ನಷ್ಟು ತೆರೆಸುತ್ತವೆ. ಹಾಗಾಗಿ ರಾತ್ರಿ ಏನೂ ತಿನ್ನದಿದ್ದರೂ ಬೆಳಿಗ್ಗೆ ಶುಗರ್ ಜಾಸ್ತಿ ಬರಬಹುದು. ಅದರ ಮೇಲೆ ಮಲಗುವಾಗ ಸಿಹಿಯನ್ನೂ ಸುರಿದರೆ ಕೋಡಿ ಬೀಳುತ್ತದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲಿ ಹೊರಗೆ ಹರಿಯುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳುವುದು ಅದಕ್ಕೇ. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ನಾವೆಲ್ಲ ಸಂಭ್ರಮಪಟ್ಟೆವು. ಈ ಕೋಡಿ ಹಾಗಲ್ಲ. ಇದು ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ತಿನ್ನುತ್ತದೆ.

ಹಾಗಾದರೆ ಸಿಹಿ ಪೂರ್ತಿ ಬಿಡಬೇಕೇ? ಅಪ್ಪ ಮತ್ತು ನಾನು ಒಂದು ನೋಟ್‌ಬುಕ್ ಇಟ್ಟೆವು. ಸಿಹಿ ತಿನ್ನುವ ಮುಂಚೆ ಒಂದು ಸಲ, ಎರಡು ಗಂಟೆ ಬಿಟ್ಟು ಇನ್ನೊಂದು ಸಲ ಬೆರಳು ಚುಚ್ಚಿ ಬರೆದೆವು. ಬೆಲ್ಲದ ಉಂಡೆ ತಿಂದ ದಿನ ಅಪ್ಪನ ಶುಗರ್ 70ರಷ್ಟು ಏರಿತು. ದೊಡ್ಡ ಬಾಳೆಹಣ್ಣಿಗೆ 50ರಷ್ಟು. ಒಂದು ಹಿಡಿ ಕಡಲೆಕಾಯಿ ಬೀಜದ ಜೊತೆ ಹುಣಸೆ ಬೀಜದಷ್ಟು ಬೆಲ್ಲ ತಿಂದ ದಿನ 20 ದಾಟಲಿಲ್ಲ. ಅರ್ಧ ಸೀಬೆಹಣ್ಣಿಗೂ ಅಷ್ಟೇ. ಇದು ಒಬ್ಬ ಮನುಷ್ಯನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇರುತ್ತದೆ, ನೀವೇ ಬರೆದು ನೋಡಬೇಕು.

ಇದರಿಂದ ನಾವು ಕಲಿತದ್ದು ಕೆಲವು ಮಾತು. ಮೊದಲನೆಯದು, ಬೆಲ್ಲವೂ ಸಕ್ಕರೆಯೇ, ಜೇನುತುಪ್ಪವೂ ಸಕ್ಕರೆಯೇ. ಕಬ್ಬಿಣದಂಶ ಇದೆ ಎಂದು ಬೆಲ್ಲಕ್ಕೆ ರಿಯಾಯಿತಿ ಇಲ್ಲ. ಎರಡನೆಯದು, ಸಿಹಿಗೆ ಜೊತೆಗಾರ ಬೇಕು. ನಮ್ಮ ಹೊಲದ ಕಡಲೆಕಾಯಿಯಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನು, ಜೊತೆಗೆ ಎಣ್ಣೆ, ನಾರು ಇದೆ. ಅವು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತವೆ. ಮೂರನೆಯದು, ಸಿಹಿಗೆ ಜಾಗ ಮಾಡಬೇಕು. ರಾಗಿಯಲ್ಲೂ 100 ಗ್ರಾಂಗೆ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ಸಿಹಿ ಬೇಕೆಂದ ರಾತ್ರಿ ಮುದ್ದೆಯಲ್ಲಿ ಕಾಲು ಭಾಗ ಕಡಿಮೆ, ಸೊಪ್ಪು ಕಾಳು ಜಾಸ್ತಿ. ನಾಲ್ಕನೆಯದು, ಶುಗರ್‌ಫ್ರೀ ಬಿಸ್ಕತ್ತು ನಂಬಬೇಡಿ, ಅದರಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಇರುತ್ತದೆ. ಮಲಗುವಾಗ ಒಂದು ಲೋಟ ಹಾಲು ಕುಡಿಯುವವರು ಅದರಲ್ಲೇ ಸುಮಾರು 10 ಗ್ರಾಂ ಹಾಲಿನ ಸಕ್ಕರೆ ಇದೆ ಎಂದು ನೆನಪಿಡಿ. ಮತ್ತೆ ಎರಡು ಚಮಚ ಹಾಕಬೇಡಿ.

ಇನ್ನೊಂದು ಕಡೆಯೂ ಇದೆ. ಅಪ್ಪನಿಗೆ ಇನ್ಸುಲಿನ್ ಶುರುವಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲಿತು. ಶುಗರ್ 52ಕ್ಕೆ ಇಳಿದಿತ್ತು. ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬರೇ. ಅಪ್ಪನಿಗೆ ಎಚ್ಚರವಿತ್ತು, ನುಂಗುವ ಶಕ್ತಿಯಿತ್ತು. ಅಮ್ಮ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದರು. ಹದಿನೈದು ನಿಮಿಷದಲ್ಲಿ ಸರಿಯಾಯಿತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೀಗಾಗಬಹುದು. 70ಕ್ಕಿಂತ ಕೆಳಗೆ ಇಳಿದರೆ ಆ ಹೊತ್ತಿಗೆ ಸಕ್ಕರೆಯೇ ಔಷಧಿ. ಕಡಲೆಕಾಯಿ, ಚಾಕೊಲೇಟು ಆಗ ಕೆಲಸಕ್ಕೆ ಬರುವುದಿಲ್ಲ, ಅದರ ಎಣ್ಣೆಯಂಶ ಸಕ್ಕರೆಯನ್ನು ತಡಮಾಡುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಪದೇ ಪದೇ ಹೀಗಾದರೆ ಔಷಧಿಯ ಪ್ರಮಾಣ ಬದಲಿಸಬೇಕಾದೀತು, ಅದನ್ನು ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಏನು ತಿನ್ನಬೇಕೆಂಬುದನ್ನೂ ಅವರನ್ನೇ ಕೇಳಿ.

ಕೊನೆಯದಾಗಿ ಎರಡು ಕೋರಿಕೆ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿ.ಪಿ. ಪರೀಕ್ಷೆ ಉಚಿತ. ನನ್ನ ಓರಗೆಯವರೆಲ್ಲ ಆ ವಯಸ್ಸು ದಾಟಿದ್ದೀರಿ, ಹೋಗಿ ಮಾಡಿಸಿ. ಇನ್ನೊಂದು ಕೋರಿಕೆ ಮನೆಯ ಮಕ್ಕಳಿಗೆ, ಸೊಸೆಯಂದಿರಿಗೆ. ವಯಸ್ಸಾದವರ ಕೈಯಿಂದ ಬೆಲ್ಲ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಎಷ್ಟು ಎಂದು ಅಳೆದು ಕೊಡಿ. ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿ ಈಗ ಅಟ್ಟದಿಂದ ಕೆಳಗಿಳಿದಿದೆ. ಅಪ್ಪನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1 ಇದ್ದದ್ದು ಈಗ 7.4. ಅದರಲ್ಲಿ ಔಷಧಿಯ ಪಾಲು ದೊಡ್ಡದು. ಆದರೆ ಬಚ್ಚಿಡುವುದು ನಿಂತದ್ದರಿಂದ ಆ ಔಷಧಿ ಕೆಲಸ ಮಾಡಲು ಸಾಧ್ಯವಾಯಿತು ಎಂಬುದು ನನ್ನ ನಂಬಿಕೆ.

ಇವತ್ತಿನ ಊಟಕ್ಕೆ ಪಾಯಸ ಇದೆಯಂತೆ. ಶುಗರ್ ಇರುವವರು ಅರ್ಧ ಲೋಟ ಹಾಕಿಸಿಕೊಳ್ಳಿ, ಅನ್ನ ಅಷ್ಟು ಕಡಿಮೆ ಮಾಡಿ, ಊಟವಾದ ಮೇಲೆ ಶಾಲೆಯ ಮೈದಾನದಲ್ಲಿ ಎರಡು ಸುತ್ತು ಹಾಕಿ. ನಾನೂ ನಿಮ್ಮ ಜೊತೆ ಬರುತ್ತೇನೆ.