ಶತ್ರುವಿಗೆ ಅಂಗಿ ತೊಡಿಸಿದವರು ಯಾರು?



ಕೈಲಾಂಚದ ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡದೆ ಬೆಳೆದವರು ಕಡಿಮೆ. ಹಾರ್ಮೋನಿಯಂ ಏರುತ್ತಿದ್ದಂತೆ ಗದೆ ಹೊತ್ತು, ಮೀಸೆ ತಿರುವುತ್ತ ಒಬ್ಬಾತ ರಂಗದ ಮೇಲೆ ಬಂದನೆಂದರೆ, ಅವನು ದುರ್ಯೋಧನನೆಂದು ಎಳೆಯ ಮಕ್ಕಳಿಗೂ ಯಾರೂ ಹೇಳಿಕೊಡಬೇಕಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಮುಖದ ತುಂಬ ಚುಟ್ಟಿ ಇಟ್ಟು ಅಬ್ಬರಿಸಿ ಬರುವ ಬಣ್ಣದ ವೇಷ ರಾಕ್ಷಸನದೆಂಬುದು ಅಲ್ಲಿಯವರಿಗೆ ಗೊತ್ತು. ವೈರಿ ಹೇಗಿರಬೇಕೆಂಬುದನ್ನು ಅಲ್ಲೆಲ್ಲ ಪರಂಪರೆಯೇ ತೀರ್ಮಾನಿಸಿಬಿಟ್ಟಿದೆ. ಕಲಾವಿದ ಆ ವೇಷದೊಳಗೆ ಹೊಕ್ಕರೆ ಸಾಕು.

ಸಿನಿಮಾಕ್ಕೆ, ಅದರ ನಂತರ ಬಂದ ವಿಡಿಯೋ ಆಟಕ್ಕೆ ಅಂಥ ಸಿದ್ಧ ವೇಷದ ಪೆಟ್ಟಿಗೆ ಇಲ್ಲ. ಅಲ್ಲಿ ಶತ್ರುವನ್ನು ಕೂತು ತಯಾರಿಸಬೇಕು. ಅವನ ಅಂಗಿ ಯಾವ ಬಣ್ಣದ್ದು, ಅವನಿಗೆ ಮನುಷ್ಯನ ಮುಖ ಇರಬೇಕೇ, ಕೊನೆಗೆ ಅವನು ಸಾಯಬೇಕೇ ಎಂಬುದನ್ನೆಲ್ಲ ಯಾರೋ ಒಬ್ಬರು ನಿರ್ಧರಿಸುತ್ತಾರೆ. ಆ ನಿರ್ಧಾರಗಳು ಹೇಗೆ ಆಗುತ್ತವೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭಾರತೀಯ ಚಿತ್ರರಂಗದ ಅತಿ ಪ್ರಸಿದ್ಧ ಶತ್ರು ರೂಪುಗೊಂಡದ್ದು ನೆರೆಯ ರಾಮದೇವರಬೆಟ್ಟದ ಬಂಡೆಗಳ ಮೇಲೆ. ಅವನ ಹೆಸರು ಗಬ್ಬರ್ ಸಿಂಗ್.

ರಮೇಶ್ ಸಿಪ್ಪಿ ನಿರ್ದೇಶನದ 'ಶೋಲೆ' ಚಿತ್ರೀಕರಣ 1973ರ ಅಕ್ಟೋಬರ್ 3ರಂದು ಆರಂಭವಾಯಿತು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ತಪ್ಪಲಲ್ಲಿ ಇಡೀ ಒಂದು ಹಳ್ಳಿಯನ್ನೇ ಕಟ್ಟಿದರು. ಅಲ್ಲಿಗೆ ಸಾಮಾನು ಸಾಗಿಸಲು ಹೆದ್ದಾರಿಯಿಂದ ರಸ್ತೆ ಮಾಡಬೇಕಾಯಿತು. ಸುತ್ತಲಿನ ಅನೇಕರಿಗೆ ಅದರಿಂದ ಕೂಲಿಯೂ ಸಿಕ್ಕಿತು, ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಅವಕಾಶವೂ ಸಿಕ್ಕಿತು. ಚಿತ್ರ ಮುಗಿಯುವ ಹೊತ್ತಿಗೆ ಸುಮಾರು ಎರಡೂವರೆ ವರ್ಷ ಕಳೆದಿತ್ತು.

ಶತ್ರುವಿನ ಹೆಸರು ಮಾತ್ರ ಕಲ್ಪನೆಯದಲ್ಲ. 1950ರ ದಶಕದಲ್ಲಿ ಗ್ವಾಲಿಯರ್ ಸುತ್ತಿನ ಹಳ್ಳಿಗಳನ್ನು ನಡುಗಿಸಿದ್ದ ಗಬ್ಬರ್ ಎಂಬ ಡಕಾಯಿತನೊಬ್ಬನಿದ್ದ. ಕೈಗೆ ಸಿಕ್ಕ ಪೊಲೀಸರ ಕಿವಿ, ಮೂಗು ಕೊಯ್ಯುತ್ತಿದ್ದನೆಂದು ಅವನ ಕುಖ್ಯಾತಿ. ಕಥೆ ಬರೆದ ಸಲೀಂ-ಜಾವೇದ್ ಜೋಡಿ ಆ ಹೆಸರನ್ನು ಎತ್ತಿಕೊಂಡಿತು. ಆದರೆ ಹೆಸರಿಗೆ ಒಂದು ದೇಹ ಬೇಕಲ್ಲ? ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆಂಜೋಂಗ್ಪಾ. ಅವರು ಅದೇ ವೇಳೆಗೆ ಫಿರೋಜ್ ಖಾನರ 'ಧರ್ಮಾತ್ಮ' ಚಿತ್ರಕ್ಕೆ ಮಾತು ಕೊಟ್ಟಿದ್ದರು. ಅದರ ಚಿತ್ರೀಕರಣ ಅಫ್ಘಾನಿಸ್ತಾನದಲ್ಲಿ. ಹಾಗಾಗಿ ಪಾತ್ರ ಕೈಬಿಟ್ಟಿತು. ಕೊನೆಗೆ ಬಂದವರು ಹಿರಿಯ ನಟ ಜಯಂತ್ ಅವರ ಮಗ ಅಮ್ಜದ್ ಖಾನ್. ರಂಗಭೂಮಿಯಲ್ಲಿ ಪಳಗಿದ್ದರೂ ಸಿನಿಮಾ ಪ್ರೇಕ್ಷಕರಿಗೆ ಹೆಚ್ಚು ಪರಿಚಯವಿಲ್ಲದ ಮುಖ. ಇಂಥ ಪಾತ್ರಕ್ಕೆ ಅವರ ದನಿ ಸಾಲದು ಎಂಬ ಅನುಮಾನವೂ ಎದ್ದಿತ್ತು. ಮುಂದೆ ಊರೂರಿನ ಜನ ಅನುಕರಿಸಿದ್ದು ಅದೇ ದನಿಯನ್ನು ಎಂಬುದು ಬೇರೆ ಮಾತು.

ಅಮ್ಜದ್ ಓದಿ ಸಿದ್ಧರಾದರು. ಚಂಬಲ್ ಡಕಾಯಿತರ ಬಗ್ಗೆ ಪತ್ರಕರ್ತ ತರುಣ್ ಕುಮಾರ್ ಭಾದುರಿ ಬರೆದಿದ್ದ 'ಅಭಿಶಪ್ತ ಚಂಬಲ್' ಅವರ ಕೈಪಿಡಿಯಾಯಿತು. ಭಾದುರಿಯವರು ಇದೇ ಚಿತ್ರದ ನಟಿ ಜಯಾ ಅವರ ತಂದೆ.

ಇನ್ನು ವೇಷ. ಅಲ್ಲಿಯವರೆಗೆ ಹಿಂದಿ ಚಿತ್ರಗಳ ಡಕಾಯಿತನೆಂದರೆ ಧೋತಿ, ಪೇಟ, ಹಣೆಗೆ ಉದ್ದನೆಯ ತಿಲಕ. 'ಗಂಗಾ ಜಮುನಾ' (1961), 'ಮುಝೆ ಜೀನೇ ದೋ' (1963) ಮುಂತಾದ ಚಿತ್ರಗಳಲ್ಲಿ ಆತ ಒಬ್ಬ ನೊಂದ ಮನುಷ್ಯ. ಜಮೀನುದಾರನ ಅನ್ಯಾಯವೋ, ಹೊಟ್ಟೆಯ ಹಸಿವೋ ಅವನನ್ನು ಕಾಡಿಗಟ್ಟಿರುತ್ತಿತ್ತು. ಗಬ್ಬರನಿಗೆ ಅದಾವುದೂ ಇಲ್ಲ. ಅವನು ಡಕಾಯಿತನಾದದ್ದು ಏಕೆಂದು ಚಿತ್ರ ಹೇಳುವುದೇ ಇಲ್ಲ. ಧೋತಿಯ ಬದಲು ಅವನ ಮೈಮೇಲೆ ಬಂದದ್ದು ಸೈನಿಕರ ಮಾದರಿಯ ಉಡುಪು ಮತ್ತು ಬೂಟು. ಆ ಬಟ್ಟೆ ಮುಂಬಯಿಯ ಚೋರ್ ಬಜಾರಿನಲ್ಲಿ ಸಿಕ್ಕಿದ್ದು. ಹಲ್ಲಿಗೆ ಕಪ್ಪು ಬಳಿಯಲಾಯಿತು, ಅಂಗೈಗೆ ತಂಬಾಕು ಬಂತು.

ಇಲ್ಲೊಂದು ಸೂಕ್ಷ್ಮವಿದೆ. ದೇಶ ಕಾಯುವವನ ಮಾದರಿಯ ಅಂಗಿಯನ್ನೇ ಊರು ಸುಡುವವನಿಗೆ ತೊಡಿಸಿದ್ದು ಸಣ್ಣ ಬದಲಾವಣೆಯಲ್ಲ. ಧೋತಿಯ ಡಕಾಯಿತ ಊರಿನಿಂದಲೇ ಹೊರಟವನು, ಅವನ ಕಷ್ಟಕ್ಕೆ ಊರಿನ ಬಳಿ ಹೆಸರಿದೆ. ಬಜಾರಿನಲ್ಲಿ ಕೊಂಡ ಅಂಗಿಯವನಿಗೆ ಊರಿಲ್ಲ, ಕೇರಿಯಿಲ್ಲ. ಅವನು ಬರೀ ಬಲ. ಪ್ರೇಕ್ಷಕ ಅವನಿಗಾಗಿ ಮರುಗಬೇಕಾಗಿಲ್ಲ, ಹೆದರಿದರೆ ಸಾಕು.

ಆ ಹೆದರಿಕೆಗೆ ಈ ನೆಲದ ಬಂಡೆಯೂ ಕೈಜೋಡಿಸಿತು. ಗಬ್ಬರ್ ಮೊದಲು ತೆರೆಗೆ ಬರುವಾಗ ಮುಖ ಕಾಣುವುದಿಲ್ಲ. ಕಲ್ಲಿನ ಮೇಲೆ ಅತ್ತಿಂದಿತ್ತ ನಡೆಯುವ ಬೂಟು ಕಾಣುತ್ತದೆ, ಬಂಡೆಗೆ ಉಜ್ಜುತ್ತ ಎಳೆದು ಬರುವ ಬೆಲ್ಟಿನ ಸದ್ದು ಕೇಳುತ್ತದೆ. ಮೆತ್ತನೆಯ ಮಣ್ಣಿನ ಮೇಲೆ ನಡೆದಿದ್ದರೆ ಆ ಸದ್ದಿರುತ್ತಿರಲಿಲ್ಲ.

ಹೀಗೆ ವೇಷವೇನೋ ಪೂರ್ಣವಾಯಿತು. ಆದರೆ ಶತ್ರುವಿನ ಅಂತ್ಯ ನಿರ್ಮಾಪಕರ ಕೈಯಲ್ಲಿ ಉಳಿಯಲಿಲ್ಲ. ಮೂಲ ಚಿತ್ರದಲ್ಲಿ, ಎರಡೂ ತೋಳು ಕಳೆದುಕೊಂಡ ಠಾಕೂರ್ ಮೊಳೆ ಬಡಿದ ಜೋಡಿನ ಕಾಲಿನಿಂದಲೇ ಗಬ್ಬರನನ್ನು ಮುಗಿಸುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಠಾಕೂರ್ ಮಾಜಿ ಪೊಲೀಸ್ ಅಧಿಕಾರಿ, ಅಂಥವನು ಕಾನೂನನ್ನು ಕೈಗೆ ತೆಗೆದುಕೊಳ್ಳಬಹುದೇ ಎಂಬುದು ಅದರ ಆಕ್ಷೇಪ. 1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು, ವಾದಕ್ಕೆ ಅದು ಕಾಲವಲ್ಲ. ಕೊನೆಯ ಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರನನ್ನು ಬಂಧಿಸುವಂತೆ ಅಂತ್ಯವನ್ನು ಮತ್ತೆ ಚಿತ್ರೀಕರಿಸಲಾಯಿತು. ಆಗಸ್ಟ್ 15ರಂದು ಬಿಡುಗಡೆಯಾದದ್ದು ಆ ಪ್ರತಿ. ಮೂಲ ಅಂತ್ಯವುಳ್ಳ ಪ್ರತಿಯನ್ನು ಸಂರಕ್ಷಿಸಿ ಇಟಲಿಯ ಬೊಲೊನ್ಯಾ ಚಿತ್ರೋತ್ಸವದಲ್ಲಿ ತೋರಿಸಿದ್ದು 2025ರ ಜೂನ್‌ನಲ್ಲಿ. ಅಷ್ಟರಲ್ಲಿ ಅರ್ಧ ಶತಮಾನವೇ ಸರಿದಿತ್ತು.

ಅಂದರೆ ಒಬ್ಬ ಶತ್ರುವಿಗೆ ಅಂಗಿ ತೊಡಿಸಿದವರು ಒಬ್ಬರಲ್ಲ. ಕಥೆಗಾರರು ಹೆಸರು ಕೊಟ್ಟರು, ನಟ ದನಿ ಕೊಟ್ಟರು, ಬಜಾರು ಬಟ್ಟೆ ಕೊಟ್ಟಿತು, ಸರಕಾರ ಅಂತ್ಯ ಕೊಟ್ಟಿತು.

ಇದೇ ಲೆಕ್ಕ ವಿಡಿಯೋ ಆಟಕ್ಕೂ ಅನ್ವಯಿಸುತ್ತದೆ. ಜಪಾನಿನ ಟೈಟೊ ಕಂಪನಿಯಲ್ಲಿ ತೊಮೊಹಿರೊ ನಿಶಿಕಾಡೊ ಎಂಬ ಎಂಜಿನಿಯರ್ 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ರೂಪಿಸಿದರು. ಗುಂಡು ಹೊಡೆಯುವ ಆಟ, ಹಾಗಾಗಿ ಗುರಿ ಬೇಕು. ಟ್ಯಾಂಕು, ವಿಮಾನಗಳನ್ನು ಪ್ರಯತ್ನಿಸಿದರು. ಅಂದಿನ ಯಂತ್ರದಲ್ಲಿ ಅವುಗಳ ಚಲನೆ ಸರಾಗವಾಗಿ ಮೂಡಲಿಲ್ಲ. ನಡೆದು ಬರುವ ಸೈನಿಕರ ಚಿತ್ರ ಚೆನ್ನಾಗಿ ಹೊಂದಿಕೊಂಡಿತು. ಆದರೆ ಮನುಷ್ಯರಿಗೆ ಗುಂಡು ಹೊಡೆಯುವ ಆಟ ಬೇಡವೆಂದು ಕಂಪನಿಯ ಹಿರಿಯರು ತಡೆದರು. ಸೈನಿಕ ಅಳಿಸಿಹೋದ. ಅವನ ಜಾಗಕ್ಕೆ ಆಕ್ಟೋಪಸ್, ಏಡಿ ಮುಂತಾದ ಕಡಲಜೀವಿಗಳನ್ನು ಹೋಲುವ ಅನ್ಯಗ್ರಹ ಜೀವಿಗಳು ಸಾಲುಗಟ್ಟಿ ಬಂದವು. ಜಗತ್ತಿನ ಮಕ್ಕಳು ಅವನ್ನು ಯಾವ ಅಳುಕೂ ಇಲ್ಲದೆ ಹೊಡೆದುರುಳಿಸಿದರು.

ಮುಂದಿನ ದಿನಗಳಲ್ಲಿ ಸೈನಿಕ ಆಟದೊಳಗೆ ಮರಳಿ ಬಂದ, ಆದರೆ ಎಲ್ಲ ದೇಶಗಳಲ್ಲೂ ಒಂದೇ ರೂಪದಲ್ಲಿ ಅಲ್ಲ. 1998ರ 'ಹಾಫ್-ಲೈಫ್' ಆಟದಲ್ಲಿ ಎದುರಾಳಿಗಳಾಗಿ ಅಮೆರಿಕದ ಸೈನಿಕರಿದ್ದರು. ಹಿಂಸೆಯ ಆಟಗಳ ಬಗ್ಗೆ ಕಟ್ಟುನಿಟ್ಟಾಗಿದ್ದ ಜರ್ಮನಿಗೆ ಹೋದ ಪ್ರತಿಯಲ್ಲಿ ಅವರೆಲ್ಲ ಯಂತ್ರಮಾನವರಾದರು. ಜಪಾನಿನ 'ಕಾಂಟ್ರಾ' ಆಟ ಯುರೋಪಿನ ಮನೆಗಳಿಗೆ 'ಪ್ರೊಬೊಟೆಕ್ಟರ್' ಆಗಿ ಬಂದಾಗ ಅಲ್ಲಿನ ನಾಯಕರೂ ಶತ್ರುಗಳೂ ರೋಬೋಟುಗಳಾಗಿದ್ದರು. ಆಟ ಅದೇ, ಗುಂಡು ಅದೇ, ಒತ್ತುವ ಗುಂಡಿಯೂ ಅದೇ. ಬದಲಾದದ್ದು ಬೀಳುವವನ ಮೈಯೊಳಗೆ ರಕ್ತವಿದೆಯೋ ತಂತಿಯಿದೆಯೋ ಎಂಬುದಷ್ಟೇ.

ಈ ಕೆಲಸ ಈಗ ರಾಮನಗರದಿಂದ ದೂರವೂ ಇಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರ ರಚನೆಯ ಕೆಲಸ ಮಾಡುತ್ತ ಬೆಳೆಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡಿತು. ದೂರದ ದೇಶದ ಮಗು ಆಡುವ ಆಟದ ಬಣ್ಣ ಬಟ್ಟೆಗಳನ್ನು ಇಲ್ಲಿನ ಹುಡುಗ ಹುಡುಗಿಯರೇ ಕಂಪ್ಯೂಟರ್ ಮುಂದೆ ಕೂತು ಬರೆದಿರಬಹುದು.

ಹಾಗಾದರೆ ಶತ್ರುವನ್ನು ಏಡಿಯಾಗಿಸುವುದು, ಯಂತ್ರವಾಗಿಸುವುದು ಒಳ್ಳೆಯದೇ? ಮನುಷ್ಯನನ್ನು ಕೊಲ್ಲುವ ಆಟ ಬೇಡವೆಂದ ಕಂಪನಿಯ ಅಳುಕು ಗೌರವಕ್ಕೆ ಅರ್ಹ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎದುರಿನವನು ಮನುಷ್ಯನೇ ಅಲ್ಲವೆಂದು ನಂಬಿಸಿದರೆ ಗುಂಡು ಹಾರಿಸುವುದು ಸುಲಭ. ನಿಜವಾದ ಯುದ್ಧಗಳಲ್ಲೂ ವೈರಿಯನ್ನು ಇಲಿ, ಹುಳು ಎಂದು ಭಿತ್ತಿಪತ್ರಗಳಲ್ಲಿ ಬರೆದದ್ದುಂಟು. ಅಲ್ಲಿ ಅಳುಕು ಕಳೆಯುವುದಕ್ಕಾಗಿಯೇ ವೇಷ ಬದಲಿಸಲಾಗಿತ್ತು.

ಗಬ್ಬರನ ಕಥೆ ಮತ್ತೂ ವಿಚಿತ್ರ. ಹೆದರಿಸಲೆಂದು ಮಾಡಿದ ಶತ್ರು ಜನರ ಮುದ್ದಿನವನಾದ. ಅವನ ಮಾತುಗಳ ಧ್ವನಿಮುದ್ರಿಕೆ ಮಾರಾಟವಾಯಿತು. ಅದೇ ವೇಷದಲ್ಲಿ ಅಮ್ಜದ್ ಖಾನ್ ಬ್ರಿಟಾನಿಯಾ ಗ್ಲುಕೋಸ್-ಡಿ ಬಿಸ್ಕತ್ತಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ತೆರೆಯ ಮೇಲೆ ಮಗುವೊಂದನ್ನೂ ಬಿಡದೆ ಕೊಂದವನು ಮಕ್ಕಳಿಗೆ ಬಿಸ್ಕತ್ತು ಮಾರಿದ. 1992ರಲ್ಲಿ ಅಮ್ಜದ್ ತೀರಿಕೊಂಡಾಗ ಜನ ಗಬ್ಬರನನ್ನೇ ನೆನೆದರು. ಅವನಿಂದ ನೊಂದ ಠಾಕೂರನ ಮನೆಯವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಸಂಜೆ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಗುಂಡು ಹಾರಿಸುವ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹಿರಿಯರಿಗೆ ಸುಲಭ. ಅದಕ್ಕಿಂತ ಉಪಯೋಗದ ಕೆಲಸ ಪಕ್ಕದಲ್ಲಿ ಕೂತು ಕೇಳುವುದು: ಇವನು ಯಾರಪ್ಪ? ಇವನಿಗೆ ಈ ಅಂಗಿ ಕೊಟ್ಟವರು ಯಾರು? ಇವನ ಮುಖ ಏಕೆ ಕಾಣುವುದಿಲ್ಲ? ನಾಟಕ ಮುಗಿದ ಬೆಳಗ್ಗೆ ದುರ್ಯೋಧನ ಕಿರೀಟ ಕಳಚಿ ಭೀಮನ ಪಕ್ಕದಲ್ಲೇ ಕೂತು ಚಹಾ ಕುಡಿಯುವುದನ್ನು ಈ ಊರುಗಳ ಮಕ್ಕಳು ನೋಡಿ ಬೆಳೆದಿದ್ದಾರೆ. ವೇಷ ಬೇರೆ, ಮನುಷ್ಯ ಬೇರೆ ಎಂಬ ಪಾಠ ಅವರಿಗೆ ಆ ಬೆಳಗಿನಲ್ಲೇ ಸಿಗುತ್ತಿತ್ತು. ಮೊಬೈಲಿನ ಪರದೆ ಆರಿದ ಮೇಲೆ ಅಂಥ ಬೆಳಗು ತಾನಾಗಿ ಬರುವುದಿಲ್ಲ, ಮನೆಯವರೇ ಅದನ್ನು ತೋರಿಸಿಕೊಡಬೇಕು.