ಅಪ್ಪಾ, ಒತ್ತು ದೂರ ಹೋಯ್ತು!



ನಾನು ಭಾಷಣಕಾರನಲ್ಲ. ಪಿಯುಸಿ ಓದಿದವನು, ಪ್ರೆಸ್ಸು ನಡೆಸುವವನು. ಅಪ್ಪನ ಕಾಲದಲ್ಲಿ ಸೀಸದ ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡವನು. ಆದ್ದರಿಂದ ಅಕ್ಷರದ ಮಾತನ್ನೇ ಆಡುತ್ತೇನೆ.

ಮಗಳಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಕಿಟ್ ಕೊಂಡೆ. ಆರ್ಡುಯಿನೊ ಬೋರ್ಡು, ಒಂದಿಷ್ಟು ವೈರು, ಜೊತೆಗೆ ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಪುಟ್ಟ ಪರದೆ. 1980ರ ದಶಕದ ಹಿಟಾಚಿ ಮಾದರಿಯದು. "ಇದ್ರಲ್ಲಿ ಕನ್ನಡ ಬರಲ್ಲ ಸಾರ್" ಎಂದ ಅಂಗಡಿಯವ. ನಿಜವೇ. ಅದರ ಹೊಟ್ಟೆಯೊಳಗೆ ಇಂಗ್ಲಿಷ್ ಅಕ್ಷರಗಳಿವೆ. ಈ ಮಾದರಿಯ ಬಹಳಷ್ಟು ಪರದೆಗಳಲ್ಲಿ ಜಪಾನಿನ ಕಟಕಾನಾ ಲಿಪಿಯೂ ಇದೆ. ಜಪಾನಿನವರು ತಮ್ಮ ಲಿಪಿಯನ್ನು ಸೇರಿಸಿಕೊಂಡೇ ಲೋಕಕ್ಕೆಲ್ಲ ಮಾರಿದರು! ಇದಕ್ಕೆ ಸಿಟ್ಟಾಗುವುದಕ್ಕಿಂತ ನಾವು ನಾಚಿಕೊಳ್ಳಬೇಕಾದದ್ದೇ ಹೆಚ್ಚು.

ಆದರೆ ನಾವೇ ಬರೆದು ತುಂಬಲು ಅದರಲ್ಲಿ ಎಂಟು ಖಾಲಿ ಮನೆ ಬಿಟ್ಟಿದ್ದಾರೆ. ಒಂದೊಂದೂ ಐದು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಚುಕ್ಕಿ ರಂಗೋಲಿ ಬಲ್ಲ ಹುಡುಗಿಗೆ ಇದೇನು ಹೊಸದೇ? ಸಾಲಿನ ಚುಕ್ಕಿಗಳಿಗೆ ಎಡದಿಂದ 16, 8, 4, 2, 1 ಎಂದು ಬೆಲೆ. ಬೇಕಾದ ಚುಕ್ಕಿಗಳ ಬೆಲೆ ಕೂಡಿಸಿ ಬರೆದರಾಯಿತು. ನಡುವಿನದೊಂದೇ ಆದರೆ 4, ಎರಡು ತುದಿಗೆ 17, ಐದೂ ಬೇಕಾದರೆ 31. ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕ ಅವಳಿಗೆ ಹೀಗೆ ಬಂತು, ಟ್ಯೂಷನ್ ಇಲ್ಲದೆ.

'ಅಮ್ಮ' ಬರೆಯಲು ಮೂರು ಸಂಜೆ ಹಿಡಿಯಿತು. ಮೊದಲ ಸಲ ತಲೆಕೆಳಗಾಗಿ ಬಂತು; ಸಾಲುಗಳನ್ನು ಕೆಳಗಿನಿಂದ ಎಣಿಸಿದ್ದಳು. ಅ, ಮ ಒಂದೇ ಮನೆಯಲ್ಲಿ ಹಿಡಿಸಲಿಲ್ಲ, ಎರಡೆರಡು ಬೇಕಾದವು. ಮನೆ ಮನೆಯ ನಡುವೆ ಸಣ್ಣ ಸಂದು ಇರುವುದರಿಂದ ಅಕ್ಷರ ಸೀಳಿದಂತೆ ಕಂಡಿತು. ಮಕಾರದ ಒತ್ತು ಕೆಳಗಿನ ಸಾಲಿಗೆ ಇಳಿಯಿತು. ಎಂಟರಲ್ಲಿ ಐದು ಮನೆ ಖರ್ಚು. "ಅಪ್ಪಾ, ಒತ್ತು ದೂರ ಹೋಯ್ತು" ಎಂದಳು. ಮೊಳೆ ಜೋಡಿಸುವಾಗ ನಮ್ಮಪ್ಪ ಗೊಣಗುತ್ತಿದ್ದದ್ದೂ ಈ ಒತ್ತಿಗೇ.

ಮೊಬೈಲಿನಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದಲ್ಲ, ಈ ಪರದಾಟ ಏಕೆ ಎಂದು ನೀವು ಕೇಳಬಹುದು. ಬರುತ್ತದೆ, ಯಾರೋ ಕೂತು ಮಾಡಿದ್ದರಿಂದ. ಹಾಗೆ ಕೂತು ಮಾಡುವವರಲ್ಲಿ ನಮ್ಮ ಮನೆಯ ಮಕ್ಕಳೂ ಇರಲಿ ಎಂಬ ಆಸೆ ನನ್ನದು.

ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆರೆದಿರುತ್ತದೆ. ತಮ್ಮ ತಂಗಿಯರನ್ನು ಕರೆತನ್ನಿ. ಕಿಟ್ ಒಂದೇ ಇದೆ, ಚೌಕಳಿ ಹಾಳೆ ಮಾತ್ರ ಬೇಕಾದಷ್ಟು ಕತ್ತರಿಸಿಟ್ಟಿದ್ದೇನೆ. 'ಕ್ಷ'ವನ್ನು ಇನ್ನೂ ಯಾರೂ ಸರಿಯಾಗಿ ಕೂರಿಸಿಲ್ಲ.